ಏಳು ದಿನ, ನಾಲ್ಕು ವಾರ: ಚಿತ್ರದುರ್ಗದ ರೋಗಿ ಮತ್ತು ಕೋವಿಡ್ ನಂತರದ ಶ್ವಾಸಕೋಶ ಕಸಿ

ಕೋವಿಡ್‌ನಿಂದ ಪೂರ್ತಿ ಕೆಟ್ಟ ಶ್ವಾಸಕೋಶವನ್ನು ಬದಲಿಸಬಹುದೇ ಎಂಬ ಪ್ರಶ್ನೆ ಈಗ ಹಳೆಯದು. 2020ರ ಫೆಬ್ರುವರಿ ಕೊನೆಯಲ್ಲಿ ಚೀನಾದಲ್ಲಿ, ಜೂನ್‌ನಲ್ಲಿ ಷಿಕಾಗೊದಲ್ಲಿ ಅಂಕಿತ್ ಭರತ್ ಅವರ ತಂಡದಿಂದ, ಆಗಸ್ಟ್‌ನಲ್ಲಿ ಚೆನ್ನೈಯಲ್ಲಿ ಕೆ.ಆರ್. ಬಾಲಕೃಷ್ಣನ್ ಅವರ ತಂಡದಿಂದ ಅಂಥ ಕಸಿ ನಡೆಯಿತು. ಅಮೆರಿಕ, ಇಟಲಿ, ಆಸ್ಟ್ರಿಯ, ಭಾರತದ ಮೊದಲ 12 ರೋಗಿಗಳ ವರದಿಯಲ್ಲಿ ಎಲ್ಲರೂ 30 ದಿನ ದಾಟಿದ್ದರು.

ನನ್ನ ತಕರಾರು ಬೇರೆ ಕಡೆ. ಟೊರಾಂಟೊದ ಶ್ವಾಸಕೋಶ ಕಸಿ ತಜ್ಞರಾದ ಸೈಪೆಲ್ ಮತ್ತು ಕೇಶವ್‌ಜಿ 2020ರಲ್ಲಿ ಕೊಟ್ಟ ಸೂತ್ರವನ್ನು ಬಹುತೇಕ ಎಲ್ಲರೂ ಒಪ್ಪಿದ್ದಾರೆ: ವಯಸ್ಸು 65ರೊಳಗಿರಲಿ, ಬೇರೆ ಅಂಗ ಕೆಟ್ಟಿರದಿರಲಿ, ಶ್ವಾಸಕೋಶ ತಾನಾಗಿ ಸುಧಾರಿಸೀತೇ ಎಂದು ನಾಲ್ಕಾರು ವಾರ ಕಾಯಿರಿ. ಕಾಯಬೇಕೆಂಬುದು ಸರಿಯೇ. ಆದರೆ ಎಲ್ಲಿ ಮಲಗಿ ಕಾಯಬೇಕು ಎಂಬ ಮಾತು ಅದರಲ್ಲಿಲ್ಲ.

ಕಾಯುವಷ್ಟು ದಿನ ರಕ್ತಕ್ಕೆ ಆಮ್ಲಜನಕ ಕೊಡುವುದು ಎಕ್ಮೊ ಯಂತ್ರ. ಎಕ್ಮೊವನ್ನು ಒರೆಗೆ ಹಚ್ಚಿದ 2018ರ ಇಯೋಲಿಯ ಪ್ರಯೋಗ, ವೆಂಟಿಲೇಟರ್ ಹಾಕಿ ಏಳು ದಿನ ದಾಟಿದವರನ್ನು ಸೇರಿಸಿಕೊಳ್ಳಲಿಲ್ಲ. ಅನೇಕ ಎಕ್ಮೊ ಕೇಂದ್ರಗಳು ರೋಗಿಯನ್ನು ಆರಿಸುವಾಗ ಇದೇ ಗಡಿಯನ್ನು ನೋಡುತ್ತವೆ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಂದು ವೆಂಟಿಲೇಟರ್ ಮೇಲಿರುವ ನಲವತ್ತೈದರ ರೈತನೊಬ್ಬನನ್ನು ಊಹಿಸಿ. ‘ಇನ್ನೂ ನಾಲ್ಕು ವಾರ ನೋಡೋಣ’ ಎಂದು ಅಲ್ಲೇ ಇಟ್ಟುಕೊಂಡರೆ ಎಂಟನೆಯ ದಿನ ಎಕ್ಮೊದ ಬಾಗಿಲು ಮುಚ್ಚತೊಡಗುತ್ತದೆ. ಕಸಿಯ ಬಾಗಿಲು ತೆರೆಯುವುದು ಇಪ್ಪತ್ತೆಂಟನೆಯ ದಿನದ ಹೊತ್ತಿಗೆ. ನಡುವಿನ ಮೂರು ವಾರ ಆತ ಬದುಕಿರಬೇಕಲ್ಲ! ಆದ್ದರಿಂದ ಕಸಿಗೆ ಕಾಯಬೇಕು, ಎಕ್ಮೊ, ಕಸಿ ಎರಡೂ ಇರುವ ಬೆಂಗಳೂರಿಗೆ ಬರೆದುಕೊಡಲು ಕಾಯಬಾರದು. ಮೊದಲ ವಾರದಲ್ಲೇ ಬರೆದುಕೊಡಬೇಕು ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ಏಳು ದಿನ ಒಂದು ಪ್ರಯೋಗದ ಷರತ್ತು, ಶರೀರದ ನಿಯಮವಲ್ಲ; ಅದನ್ನು ಮೀರಿ ಎಕ್ಮೊ ಹಾಕಿ ಗೆದ್ದವರಿದ್ದಾರೆ. ಎಲ್ಲರನ್ನೂ ಬೇಗ ಕಳಿಸಿದರೆ, ತಾನಾಗಿ ಗುಣವಾಗುತ್ತಿದ್ದವರೇ ಹಾಸಿಗೆ ತುಂಬಿಯಾರು. ಸುಮಾರು 200 ಕಿಲೋಮೀಟರ್ ಆಂಬ್ಯುಲೆನ್ಸ್ ದಾರಿಯೂ ಸಣ್ಣ ಅಪಾಯವಲ್ಲ. ಹೊಸದುರ್ಗದ ಹಳ್ಳಿಯ ಮನೆಯಲ್ಲಿ ಆಮ್ಲಜನಕದ ಕಾನ್ಸಂಟ್ರೇಟರ್ ಕೊಳವೆಯನ್ನು ಮೂಗಿಗೆ ಸಿಕ್ಕಿಸಿಕೊಂಡು, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತುಟಿ ನೀಲಿಯಾಗಿ, ಕರೆಂಟು ಹೋದೊಡನೆ ಸಿಲಿಂಡರಿಗೆ ಕೈಚಾಚುವ ರೋಗಿಗೆ ಈ ಏಳು ದಿನದ ಲೆಕ್ಕ ಅನ್ವಯಿಸದು. ಅವನ ಶ್ವಾಸಕೋಶ ನಾರುಗಟ್ಟಿದೆ. ಅವನ ಕಾಲ ನಿಧಾನದ್ದು, ಹೊರರೋಗಿಯಾಗಿಯೇ ಕಸಿ ಕೇಂದ್ರಕ್ಕೆ ಹೋಗಿ ತೋರಿಸಬಹುದು. ನನ್ನ ವಾದ ವೆಂಟಿಲೇಟರ್ ಮೇಲಿರುವ, ಬೇರೆ ಅಂಗಗಳು ಗಟ್ಟಿಯಿರುವ ಮಧ್ಯವಯಸ್ಕರಿಗೆ ಮಾತ್ರ.

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಕಡತಗಳಲ್ಲಿ ವೆಂಟಿಲೇಟರ್ ಹಾಕಿದ ದಿನ, ಮೇಲಿನ ಆಸ್ಪತ್ರೆಗೆ ಬರೆದುಕೊಟ್ಟ ದಿನ ಇವೆರಡರ ಅಂತರ ಎಣಿಸಿದರೆ ಈ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿದೀತು. ದಾನಿಯ ಕಡೆಯ ಪ್ರಶ್ನೆಯೂ ಹಾಗೇ ಉಳಿದಿದೆ. ತೆಗೆದ ಶ್ವಾಸಕೋಶ ಮಂಜುಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಆರು ಗಂಟೆ ತಾಳುತ್ತದೆ. ಹಿರಿಯೂರಿನಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಮೂರು ಗಂಟೆಯ ಹಾದಿ. ಆದರೆ ಆ ಹೆದ್ದಾರಿಯಲ್ಲೇ ತಲೆಗೆ ಪೆಟ್ಟಾದವನ ಮಿದುಳು ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರು ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ರುಜು ಹಾಕುವವರೆಗೆ, ನೀರು ತುಂಬದಂತೆ, ಸೋಂಕು ತಗುಲದಂತೆ ಅವನ ಶ್ವಾಸಕೋಶವನ್ನು ಕಾಯುವವರು ಯಾರು?