ಅಕ್ಷರಕ್ಕೆ ಬಿದ್ದ ಬೀಗ: ಗಣಕಯಂತ್ರದ ಕನ್ನಡವೂ ಅಚೌರ್ಯ ವ್ರತವೂ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದುವು. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯು ಹಳೆಯ ಕನ್ನಡ ಲಿಪಿಯಲ್ಲಿ ಅಲ್ಲಿ ಮಾತ್ರ ಉಳಿದಿತ್ತು. ದೂರದೂರದಿಂದ ಬಂದ ಯಾತ್ರಿಕರಿಗೆ ಅದರ ದರ್ಶನ ದೊರೆಯುತ್ತಿತ್ತು; ಓದು ದೊರೆಯುತ್ತಿರಲಿಲ್ಲ. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಮತ್ತು ಮುಂಬಯಿಯ ಸೇಠ್ ಮಾಣಿಕಚಂದರ ಪ್ರಯತ್ನದಿಂದ 1896ರಲ್ಲಿ ಪ್ರತಿಲಿಪಿ ಮಾಡುವ ಕಾರ್ಯ ಆರಂಭವಾಯಿತು. ಮೂರೂ ಗ್ರಂಥಗಳ ನಕಲು ಮುಗಿಯಲು ಇಪ್ಪತ್ತಾರು ವರ್ಷಗಳು ಹಿಡಿದುವು. ಪ್ರತಿಗಳು ಮೂಡುಬಿದಿರೆಯಿಂದ ಹೊರಗೆ ಹೋಗಕೂಡದೆಂಬುದು ಅಲ್ಲಿನ ನಿಬಂಧನೆಯಾಗಿತ್ತು.

ಆದರೆ ಲಿಪಿಕಾರರಾಗಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಧವಲಾ ಮತ್ತು ಜಯಧವಲಾ ಗ್ರಂಥಗಳ ಇನ್ನೊಂದು ಕನ್ನಡ ಪ್ರತಿಯನ್ನು ಗುಪ್ತವಾಗಿ ಸಿದ್ಧಪಡಿಸಿಕೊಂಡರು. ಅದನ್ನು ಸೊಲ್ಲಾಪುರಕ್ಕೆ ಒಯ್ದಾಗ ಹೀರಾಚಂದರು ಸ್ವೀಕರಿಸಲಿಲ್ಲ. ಯಾವ ಗ್ರಂಥಕ್ಕಾಗಿ ಅವರು ಅಷ್ಟು ವರ್ಷ ದುಡಿದಿದ್ದರೋ ಅದೇ ಗ್ರಂಥ ಮನೆಬಾಗಿಲಿಗೆ ಬಂದಿತ್ತು. ಬಂದ ದಾರಿ ಸರಿಯಲ್ಲವೆಂಬ ಕಾರಣಕ್ಕೆ ಕೈ ಹಿಂತೆಗೆದರು. ಮಾಣಿಕಚಂದರೂ ಇಟ್ಟುಕೊಳ್ಳಬಾರದೆಂದು ಅವರಿಗೆ ಬರೆದರು. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಜಿನಮಂದಿರದಲ್ಲಿ ಇರಿಸಿದರು. ಅಲ್ಲಿಂದ ಹರಡಿದ ನಾಗರೀ ನಕಲುಗಳ ಆಧಾರದ ಮೇಲೆಯೇ ಡಾ. ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಮೊದಲನೆಯ ಸಂಪುಟವನ್ನು ಹೊರತಂದರು. ಹೀರಾಚಂದರ ನಿರಾಕರಣೆ ಸರಿಯೆಂದೂ ಗ್ರಂಥ ಅಚ್ಚಾದುದು ಒಳಿತೆಂದೂ ಒಟ್ಟಿಗೆ ಒಪ್ಪಿಕೊಳ್ಳುವುದು ಸುಲಭವಲ್ಲ. ಆ ಇಕ್ಕಟ್ಟು ನೂರು ವರ್ಷಗಳ ನಂತರ ಗಣಕಯಂತ್ರದ ರೂಪದಲ್ಲಿ ಕನ್ನಡ ನಾಡಿನ ಮುದ್ರಣಾಲಯಗಳಿಗೂ ಬಸದಿ ಟ್ರಸ್ಟುಗಳ ಕಚೇರಿಗಳಿಗೂ ಮರಳಿ ಬಂದಿತು.

1980ರ ದಶಕದ ಕೊನೆಯಿಂದ ಮೊಳೆ ಜೋಡಿಸುವ ಕೆಲಸವನ್ನು ಗಣಕವು ಕೈಗೆತ್ತಿಕೊಂಡಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ಎಂಬ ಸಾಧನವನ್ನು ಒದಗಿಸಿತು. ಶ್ರೀಲಿಪಿ, ಆಕೃತಿ ಮೊದಲಾದ ಖಾಸಗಿ ತಂತ್ರಾಂಶಗಳು ಮಾರುಕಟ್ಟೆಗೆ ಬಂದುವು. ಅಕ್ಷರಗಳ ಅಂದದಲ್ಲಿ ಇವು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಬಳಕೆದಾರನಿಗೆ ಕಾಣದ ಒಂದು ತೊಡಕು ಒಳಗೇ ಅಡಗಿತ್ತು. ಅಂದಿನ ಗಣಕದ ಅಕ್ಷರಪಟ್ಟಿಯಲ್ಲಿ ಇದ್ದ ಸ್ಥಾನಗಳು 256. ಅವೂ ರೋಮನ್ ಲಿಪಿಗೆಂದು ಮೀಸಲಾದವು. ಕನ್ನಡ ಅಕ್ಷರವನ್ನು ತಲೆಕಟ್ಟು, ಗುಣಿತ, ಒತ್ತು ಎಂದು ಚೂರುಗಳಾಗಿ ಒಡೆದು ಆ ಸ್ಥಾನಗಳಲ್ಲಿ ತುಂಬಲಾಯಿತು. ಪರದೆಯ ಮೇಲೆ ಕನ್ನಡ ಕಂಡರೂ ಯಂತ್ರದ ಸ್ಮೃತಿಯಲ್ಲಿ ಇದ್ದುದು ರೋಮನ್ ಅಕ್ಷರಗಳ ಸಾಲೇ. ಯಾವ ಚೂರು ಯಾವ ಸ್ಥಾನದಲ್ಲಿ ಎಂಬುದನ್ನು ಪ್ರತಿ ಕಂಪನಿಯೂ ತನಗೆ ತೋಚಿದಂತೆ ನಿಶ್ಚಯಿಸಿಕೊಂಡಿತು.

ಇದರ ಫಲವನ್ನು ವ್ಯವಹಾರಸ್ಥರು ಬೇಗನೆ ಅರಿತರು. ಒಂದು ತಂತ್ರಾಂಶದಲ್ಲಿ ಸಿದ್ಧಪಡಿಸಿದ ಕಡತ ಇನ್ನೊಂದರಲ್ಲಿ ತೆರೆಯದು; ತೆರೆದರೂ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಪರದೇಶಿ ಅಕ್ಷರಗಳ ಸಂತೆ. ದಾನಿಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಯಂತ್ರಕ್ಕೆ ಅ ಯಾವುದು, ಕ ಯಾವುದು ಎಂಬುದೇ ತಿಳಿಯದು. ದೊಡ್ಡ ಸಂಸ್ಥೆಗಳು ಹೇಗೋ ನಿಭಾಯಿಸಿಕೊಂಡುವು. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಊರಿನವರಿಗೆ ಲಗ್ನಪತ್ರಿಕೆಯಾಗಲಿ, ಉತ್ಸವದ ಕರಪತ್ರವಾಗಲಿ ಸಿದ್ಧವಾಗಬೇಕಾದರೆ ಪೇಟೆಯ ಅಂಗಡಿಯೇ ಗತಿ. ಒಮ್ಮೆ ಒಂದು ಅಂಗಡಿಯಲ್ಲಿ ಮಾಡಿಸಿದವರು ಮರುವರ್ಷ ತಾರೀಖು ಮಾತ್ರ ಬದಲಿಸಲೂ ಅಲ್ಲಿಗೇ ಹೋಗಬೇಕು. ಆ ಅಂಗಡಿ ಮುಚ್ಚಿತೆಂದರೆ ಮೊದಲಿನಿಂದ ಅಕ್ಷರ ಜೋಡಿಸಬೇಕು. ಗಿರಾಕಿಗೆ ಕಟ್ಟಿದ ಹಗ್ಗದ ತುದಿ ಅಂಗಡಿಯವನ ಕೈಯಲ್ಲೂ ಇರಲಿಲ್ಲ. ಅದು ದೂರದ ಕಂಪನಿಯ ಕೈಯಲ್ಲಿತ್ತು. ಗಣಕದ ಹಿಂಬದಿಯ ಕಿಂಡಿಗೆ ಬೆರಳುದ್ದದ ಒಂದು ಬೀಗವನ್ನು ಸಿಕ್ಕಿಸದಿದ್ದರೆ ಹಣ ಕೊಟ್ಟು ಕೊಂಡ ತಂತ್ರಾಂಶವೂ ನಡೆಯುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ಹೊಸ ಗಣಕಗಳಲ್ಲಿ ಆ ಕಿಂಡಿಯೇ ಇಲ್ಲವಾಯಿತು!

ಈ ಸ್ಥಿತಿಯಲ್ಲಿ ಬಹುಮಂದಿ ಹಿಡಿದ ದಾರಿ ಕಳ್ಳಪ್ರತಿಯದು. ಸಾವಿರಾರು ರೂಪಾಯಿಗಳ ತಂತ್ರಾಂಶ ಐವತ್ತು, ನೂರು ರೂಪಾಯಿಗಳ ತಟ್ಟೆಯಲ್ಲಿ ದೊರೆಯುತ್ತಿದ್ದಾಗ ಪ್ರಾಮಾಣಿಕರೆನಿಸಿಕೊಂಡವರೂ ಎರಡನೆಯ ಸಲ ಯೋಚಿಸಲಿಲ್ಲ. 1994ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯು ತಿಳಿದೂ ಕಳ್ಳಪ್ರತಿಯನ್ನು ಗಣಕದಲ್ಲಿ ಬಳಸುವವನಿಗೆ ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸವನ್ನು ವಿಧಿಸಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳುವ ಅತಿಚಾರಗಳಲ್ಲಿ ಕಳವಾಗಿ ಬಂದುದನ್ನು ಕೊಳ್ಳುವುದೂ ಒಂದು. ತಾನು ಕದಿಯಲಿಲ್ಲ, ಅಂಗಡಿಯವನು ಕೊಟ್ಟ, ತಾನು ಪಡೆದೆ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ. ಬಸದಿಯ ಜೀರ್ಣೋದ್ಧಾರದ ಲೆಕ್ಕವನ್ನೂ ಪಂಚಕಲ್ಯಾಣದ ಆಮಂತ್ರಣವನ್ನೂ ಕದ್ದ ತಂತ್ರಾಂಶದಲ್ಲಿ ಬರೆಯುವುದರಲ್ಲಿ ಇರುವ ವಿಪರ್ಯಾಸವನ್ನು ಟ್ರಸ್ಟಿಗಳು ತಾವೇ ಅಳೆದುಕೊಳ್ಳಬೇಕಾದುದು.

ಆದರೆ ಅದೇ ಅತಿಚಾರಗಳ ಸಾಲಿನಲ್ಲಿ ಹೀನಾಧಿಕಮಾನೋನ್ಮಾನವೂ ಇದೆ. ಕೊಡುವಾಗ ಕಡಿಮೆ ಅಳೆದು ಕೊಳ್ಳುವಾಗ ಹೆಚ್ಚು ಅಳೆಯುವ ಈ ದೋಷ ಮಾರುವವನ ತಕ್ಕಡಿಗೆ ಸಂಬಂಧಿಸಿದ್ದು. ಪೂರ್ಣ ಬೆಲೆ ತೆತ್ತವನಿಗೆ ತನ್ನದೇ ಬರಹವನ್ನು ಇನ್ನೊಂದೆಡೆ ತೆರೆದು ಓದುವ ಸ್ವಾತಂತ್ರ್ಯವನ್ನು ಕೊಡದಿರುವುದು ಯಾವ ಅಳತೆ? ಸೇರಿಗೆ ಸೇರು ಅಳೆದುಕೊಟ್ಟು, ಚೀಲದ ಬಾಯನ್ನು ಬಿಚ್ಚುವ ಹಕ್ಕನ್ನು ಮಾತ್ರ ತನ್ನಲ್ಲೇ ಇರಿಸಿಕೊಂಡ ಧಾನ್ಯದ ವ್ಯಾಪಾರಿಯನ್ನು ಯಾವ ಪೇಟೆಯೂ ಸಹಿಸುತ್ತಿರಲಿಲ್ಲ. ಗಿರಾಕಿಯ ಕಳವನ್ನು ಕಾಯಿದೆ ಹೆಸರಿಟ್ಟು ಕರೆಯಿತು. ಈ ಅಳತೆಯ ದೋಷಕ್ಕೆ ಬಹುಕಾಲ ಹೆಸರೇ ಇರಲಿಲ್ಲ.

ಪ್ರಪಂಚದ ದೊಡ್ಡ ಕಂಪನಿಗಳ ವಿಷಯದಲ್ಲಿ ಆ ಹೆಸರು ಕೇಳಿಬಂದುದು 1998ರಲ್ಲಿ. ಅಮೆರಿಕದ ಸರ್ಕಾರವು ಆ ವರ್ಷದ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಕಂಪನಿಯನ್ನು ಎರಡಾಗಿ ಒಡೆಯಬೇಕೆಂದು ನ್ಯಾಯಾಧೀಶ ಜ್ಯಾಕ್ಸನ್ 2000ದ ಜೂನ್‌ನಲ್ಲಿ ಆದೇಶಿಸಿದರು. ಮರುವರ್ಷ ಮೇಲಿನ ನ್ಯಾಯಾಲಯ ಒಡೆಯುವ ಆದೇಶವನ್ನು ರದ್ದುಪಡಿಸಿದರೂ ಏಕಸ್ವಾಮ್ಯದ ದುರುಪಯೋಗ ನಡೆದುದನ್ನು ಎತ್ತಿಹಿಡಿಯಿತು. ಈ ವ್ಯಾಜ್ಯದಲ್ಲಿ ಕನ್ನಡದ ಪ್ರಸ್ತಾಪವಿರಲಿಲ್ಲ. ಆದರೂ ಕನ್ನಡಿಗರಿಗೆ ಅದರ ಅರ್ಥ ಬೇರೆ ರೀತಿಯಲ್ಲಿ ತಟ್ಟಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಡುವ ಯುನಿಕೋಡ್ ಸಂಹಿತೆಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದುವು. ಅದೇ ವರ್ಷ ಭಾರತೀಯ ಮಾನಕ ಸಂಸ್ಥೆಯೂ ಇಸ್ಕಿ ಎಂಬ ಸಂಕೇತವನ್ನು ಅಂಗೀಕರಿಸಿತ್ತು. ಆದರೆ ವಿಂಡೋಸ್ 2000ದಲ್ಲಿ ಹಿಂದಿ ಮತ್ತು ತಮಿಳು ಬಂದುವೇ ಹೊರತು ಕನ್ನಡ ಬರಲಿಲ್ಲ. ತುಂಗಾ ಎಂಬ ಅಕ್ಷರಶೈಲಿಯೊಡನೆ ಕನ್ನಡ ಕಂಡುದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಅದೂ ಬಳಕೆದಾರನು ಮೂಲ ತಟ್ಟೆಯನ್ನು ಹುಡುಕಿ ತಂದು ಹೆಚ್ಚುವರಿ ಕಡತಗಳನ್ನು ಸ್ಥಾಪಿಸಿಕೊಂಡರೆ ಮಾತ್ರ. ಕೋಟ್ಯಂತರ ಜನರ ಭಾಷೆ ಒಂದು ಕಂಪನಿಯ ಅನುಕೂಲಕ್ಕಾಗಿ ಹತ್ತು ವರ್ಷ ಕಾದಿತು.

ಬಾಗಿಲು ತೆರೆದವರು ದಾನಿಗಳು. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ.ಪಿ. ರಾಯರು, ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಎಂದು ವಿದ್ವಾಂಸರ ಹೆಸರನ್ನಿಟ್ಟು ಉಚಿತವಾಗಿ ಕೊಟ್ಟರು. ಅದೇ ವಿನ್ಯಾಸ ಮುಂದೆ ಸರ್ಕಾರದ ಮಾನಕಕ್ಕೆ ತಳಹದಿಯಾಯಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ 1998ರಲ್ಲಿ ಹೊರಬಂದು ದೇಶ ವಿದೇಶಗಳ ಕನ್ನಡಿಗರ ಮನೆ ಸೇರಿತು. ಬಹುಕಾಲ ಅದಕ್ಕೆ ಬೆಲೆಯಿರಲಿಲ್ಲ. ಮುಂದೆ ಬೆಲೆ ನಿಗದಿಯಾದಾಗ ಗೊಣಗಿದವರುಂಟು. ವರ್ಷಗಟ್ಟಲೆ ಉಂಡ ಛತ್ರದಲ್ಲಿ ಒಂದು ದಿನ ಊಟದ ದರ ಕೇಳಿದರೆ ಸಿಟ್ಟಾಗುವ ಸ್ವಭಾವ ಅದು. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ನುಡಿಯನ್ನು ರೂಪಿಸಿತು. ಅಕ್ಷರಚೂರುಗಳಿಗೆ ಏಕರೂಪದ ಸಂಕೇತ ನಿಗದಿಯಾದ ಮೇಲೆ ನುಡಿಯ ಕಡತವನ್ನು ಬರಹದಲ್ಲಿಯೂ, ಬರಹದ್ದನ್ನು ನುಡಿಯಲ್ಲಿಯೂ ತೆರೆಯುವುದು ಸಾಧ್ಯವಾಯಿತು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಇಲ್ಲಿ ನೆನೆಯುವುದು ಅನುಚಿತವಲ್ಲ. ಶಾಸ್ತ್ರದಾನವೆಂದರೆ ಕೇವಲ ಗ್ರಂಥವನ್ನು ಕೊಡುವುದಲ್ಲ. ಪಡೆದವನು ಮತ್ತೊಬ್ಬನಿಗೆ ಬರೆದುಕೊಡುವ ಅಧಿಕಾರವೂ ಅದರೊಡನೆ ಹೋಗುತ್ತಿತ್ತು. ಲಿಪಿಕಾರನು ಕಂಠದ ಮೇಲೆ ಶುಲ್ಕ ಹಾಕಲಿಲ್ಲ.

ಇಷ್ಟಾದರೂ ಮುದ್ರಣಾಲಯಗಳ ಸಂಕಟ ತೀರಲಿಲ್ಲ. ಪುಟವಿನ್ಯಾಸಕ್ಕೆ ಎಲ್ಲರೂ ನೆಚ್ಚಿದ್ದ ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಕಂಪನಿಯಿಂದ ಬಂದು 1994ರಲ್ಲಿ ಅಡೋಬಿಯ ಪಾಲಾಯಿತು. 2001ರ ಏಳನೆಯ ಆವೃತ್ತಿಯ ನಂತರ ಅದರ ಬೆಳವಣಿಗೆ ನಿಂತಿತು. ಅದಕ್ಕೆ ಯುನಿಕೋಡ್ ತಿಳಿಯದು. ಅದೇ ಕಂಪನಿಯ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಅಧಿಕೃತ ಸ್ಥಾನ ದೊರೆತದ್ದು 2012ರ ಆವೃತ್ತಿಯಲ್ಲಿ. ಮರುವರ್ಷವೇ ಕಂಪನಿಯು ತನ್ನ ಹೊಸ ಆವೃತ್ತಿಗಳನ್ನು ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡುವ ಪದ್ಧತಿಗೆ ತಿರುಗಿತು. ಸಣ್ಣ ಊರಿನ ಮುದ್ರಕನು ಇಪ್ಪತ್ತು ವರ್ಷಗಳ ಹಿಂದಿನ ಸಾಧನವನ್ನು ಬಿಡಲಾರದೆ, ಹೊಸತರ ಬಾಡಿಗೆಯನ್ನು ತಿಂಗಳು ತಿಂಗಳು ತೆರಲಾರದೆ ನಡುವೆ ನಿಂತ. ಅಂಗಡಿಯ ಬಾಡಿಗೆಯನ್ನಾದರೂ ಗೋಡೆಗಳನ್ನು ನೋಡಿ ಕೊಡಬಹುದು. ಈ ಬಾಡಿಗೆ ನಿಂತ ದಿನ ತಾನೇ ಮಾಡಿದ ಪುಟಗಳೂ ತೆರೆಯುವುದಿಲ್ಲ.

ಗಣಕವೇ ಬೇಡವೆಂದು ದೂರ ಉಳಿಯುವ ಸ್ವಾತಂತ್ರ್ಯವೂ ಜನಸಾಮಾನ್ಯರಿಗೆ ಉಳಿಯಲಿಲ್ಲ. ಕರ್ನಾಟಕದ ಭೂಮಿ ಯೋಜನೆಯಲ್ಲಿ 67 ಲಕ್ಷ ಭೂಹಿಡುವಳಿದಾರರ ಸುಮಾರು ಎರಡು ಕೋಟಿ ಪಹಣಿಗಳು ಗಣಕವನ್ನು ಸೇರಿದುವು. ಬಳಿಕ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಹದಿನೈದು ರೂಪಾಯಿ ಶುಲ್ಕಕ್ಕೆ ಅಚ್ಚಾದ ಪಹಣಿ ಯಾರ ಕೃಪೆಯೂ ಇಲ್ಲದೆ ಕೈಗೆ ಬಂದುದು ರೈತನಿಗೆ ದೊಡ್ಡ ಬಿಡುಗಡೆಯೇ ಸರಿ. ಅದರ ಜೊತೆಗೆ ‘ಸರ್ವರ್ ಡೌನ್’ ಎಂಬ ಉತ್ತರವೂ ಬಂದಿತು. ಮೊದಲು ಗ್ರಾಮಲೆಕ್ಕಿಗನನ್ನು ಹುಡುಕಿಕೊಂಡು ಹೋಗಿ ಜಗಳವಾಡಬಹುದಿತ್ತು. ಸರ್ವರ್ ಎಲ್ಲಿದೆ, ಅದರೊಡನೆ ಹೇಗೆ ಮಾತನಾಡುವುದು ಎಂಬುದನ್ನು ಯಲ್ಲದಕೆರೆಯ ರೈತನಿಗೆ ಯಾರು ಹೇಳಬೇಕು?

ಉತ್ತರ ಹೇಳುವವರಿಲ್ಲದ ಈ ಸ್ಥಿತಿ ದೊಡ್ಡವರನ್ನೂ ಬಿಟ್ಟಿಲ್ಲ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ 2021ರ ಜೂನ್‌ನಲ್ಲಿ ಕನ್ನಡದ ಹೆಸರನ್ನು ತೋರಿಸಿತು. ನಾಡೇ ಸಿಡಿದೆದ್ದ ಮೇಲೆ ಕ್ಷಮೆ ಕೇಳಿತು. ನಟಿ ಬಿ. ಸರೋಜಾದೇವಿಯವರು 2025ರ ಜುಲೈ 14ರಂದು ನಿಧನರಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಬರೆದ ಸಂತಾಪವನ್ನು ಮೆಟಾ ಕಂಪನಿಯ ಯಂತ್ರಾನುವಾದವು ಮುಖ್ಯಮಂತ್ರಿಗಳೇ ತೀರಿಕೊಂಡರೆಂಬ ಅರ್ಥ ಬರುವಂತೆ ತಿರುಗಿಸಿತು. ಅಲ್ಲಿಯೂ ಕ್ಷಮೆ ಬಂದಿತು. ಮುಖ್ಯಮಂತ್ರಿಗಳ ಕಚೇರಿ ಪತ್ರ ಬರೆದರೆ ಉತ್ತರ ಬರುತ್ತದೆ. ಸಾಮಾನ್ಯನ ಸಂತಾಪಪತ್ರ ತಿರುಚಿಹೋದರೆ ಬರೆಯುವ ವಿಳಾಸವೇ ಸಿಗದು. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದುದು ಈ ದಿಕ್ಕಿನಲ್ಲಿ ಗಮನಾರ್ಹ. ಆದರೆ ದಂಡದ ಹಣ ಸರ್ಕಾರಕ್ಕೆ ಸೇರುತ್ತದೆ, ನೊಂದ ಗಿರಾಕಿಗಲ್ಲ.

ಬಸದಿ ಟ್ರಸ್ಟುಗಳಿಗೆ ತುರ್ತಾಗಿರುವ ಸಂಗತಿ ಇದಕ್ಕಿಂತ ಸಣ್ಣದು, ಹತ್ತಿರದ್ದು. 1990ರ ದಶಕದಿಂದೀಚೆಗೆ ಹೊರಬಂದ ಸ್ಮರಣ ಸಂಚಿಕೆಗಳು, ಪೂಜಾವಿಧಾನಗಳು, ಶಾಸನಪಾಠಗಳು, ದಾನಿಗಳ ಪಟ್ಟಿಗಳು ಹಳೆಯ ತಂತ್ರಾಂಶಗಳ ಕಡತಗಳಾಗಿ ಫ್ಲಾಪಿಗಳಲ್ಲೂ ತಟ್ಟೆಗಳಲ್ಲೂ ಬಿದ್ದಿವೆ. ಓಲೆಗರಿಗೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಇವು ಸದ್ದಿಲ್ಲದೆ ಸಾಯುತ್ತವೆ. ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಈಗ ಉಚಿತವಾಗಿಯೇ ದೊರೆಯುತ್ತವೆ. ಆದರೆ ಎಲ್ಲವನ್ನೂ ಅವುಗಳ ಪಾಲಿಗೆ ಬಿಡುವಂತಿಲ್ಲ. ಸಂಸ್ಕೃತ, ಪ್ರಾಕೃತ ಪಾಠಗಳಿಗೆ ಬೇಕಾದ ಅವಗ್ರಹ ಚಿಹ್ನೆಗೆ ಕನ್ನಡ ಸಂಹಿತೆಯಲ್ಲಿ ಸ್ಥಾನ ದೊರೆತದ್ದೇ 2003ರಲ್ಲಿ. ಅದಕ್ಕೆ ಮೊದಲು ಬೇರೆ ಯಾವುದೋ ಗುರುತಿನಿಂದ ಕೆಲಸ ಸಾಗಿಸಿದ್ದ ಕಡತಗಳಲ್ಲಿ ಆ ಗುರುತು ಏನಾಗಿ ಮಾರ್ಪಡುವುದೋ ನೋಡಬೇಕು. ಪಂಪ, ಪೊನ್ನ, ರನ್ನರು ಬಳಸಿದ ೞ ಅಕ್ಷರಕ್ಕೆ ಆ ಸಂಹಿತೆಯಲ್ಲಿ ‘ಫ’ ಎಂಬ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ನಿಯಮವಿಲ್ಲವಾದ್ದರಿಂದ ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿ ಬಿಟ್ಟಿದ್ದಾರೆ. ಪರಿವರ್ತಿತ ಪಾಠವನ್ನು ಅಚ್ಚಾದ ಪ್ರತಿಯೊಡನೆ ಸಾಲು ಸಾಲಾಗಿ ಹೋಲಿಸಿ ನೋಡಬಲ್ಲ ಹಿರಿಯರು ಇನ್ನೂ ಅನೇಕ ಊರುಗಳಲ್ಲಿ ಇದ್ದಾರೆ. ಅವರ ಕಣ್ಣು ಸ್ಪಷ್ಟವಾಗಿರುವಾಗಲೇ, ಹಳೆಯ ಗಣಕವೊಂದು ಎಲ್ಲಾದರೂ ಚಾಲನೆಯಲ್ಲಿರುವಾಗಲೇ, ಈ ಕೆಲಸ ಆಗಬೇಕಾಗಿದೆ.