ಸ್ತನ ಕ್ಯಾನ್ಸರ್ ಮತ್ತು ದೊಡ್ಡಕರುಳಿನ ಕ್ಯಾನ್ಸರ್: ಮಹಿಳೆಯರಲ್ಲಿ ಇವುಗಳ ನಂಟು

ಸ್ತನ ಕ್ಯಾನ್ಸರ್ ಬಂದ ಮಹಿಳೆಗೆ ಮುಂದೆ ದೊಡ್ಡಕರುಳು ಅಥವಾ ಗುದನಾಳದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚೇ ಎಂಬುದು ವೈದ್ಯರು ಬಹುಕಾಲದಿಂದ ಚರ್ಚಿಸುತ್ತಿರುವ ಪ್ರಶ್ನೆ. ಬಹುಪಾಲು ಮಹಿಳೆಯರ ಮಟ್ಟಿಗೆ ಈ ನಂಟು ದುರ್ಬಲ. ಅಧ್ಯಯನಗಳ ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ಕೆಲವು ಕುಟುಂಬಗಳಲ್ಲಿ ಮಾತ್ರ ಈ ನಂಟು ಬಲವಾಗಿದೆ, ಅಲ್ಲಿ ಕಾರಣ ವಂಶವಾಹಿ.

ಎಸ್‌ಟಿಕೆ11 ವಂಶವಾಹಿಯ ದೋಷದಿಂದ ಬರುವ ಪ್ಯೂಟ್ಸ್-ಜೆಗರ್ಸ್ ಸಿಂಡ್ರೋಮ್‌ನಲ್ಲಿ ಎರಡೂ ಕ್ಯಾನ್ಸರ್‌ಗಳ ಅಪಾಯ ಸ್ಪಷ್ಟವಾಗಿ ಏರುತ್ತದೆ. ಎಳವೆಯಲ್ಲೇ ತುಟಿಯ ಮೇಲೆ ಮೂಡುವ ಕಪ್ಪು ಚುಕ್ಕೆಗಳು ಅದರ ಗುರುತು. ಪಿಟಿಇಎನ್ ದೋಷದ ಕೌಡನ್ ಸಿಂಡ್ರೋಮ್‌ನಲ್ಲೂ ಹೀಗೆಯೇ. ಲಿಂಚ್ ಸಿಂಡ್ರೋಮ್ ಮುಖ್ಯವಾಗಿ ದೊಡ್ಡಕರುಳು ಮತ್ತು ಗರ್ಭಕೋಶವನ್ನು ಕಾಡುತ್ತದೆ. ಸ್ತನದ ವಿಷಯದಲ್ಲಿ ಒಮ್ಮತವಿಲ್ಲ. 1994ರಲ್ಲಿ ಪತ್ತೆಯಾದ ಬಿಆರ್‌ಸಿಎ1 ವಂಶವಾಹಿಯ ದೋಷ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ದಾರಿಯಾಗುವುದು ಖಚಿತ, ಕರುಳಿನ ಮೇಲೆ ಅದರ ಪ್ರಭಾವ ಇನ್ನೂ ಇತ್ಯರ್ಥವಾಗಿಲ್ಲ.

ಹಾರ್ಮೋನುಗಳ ಕಥೆ ಬೇರೆ. ಮುಟ್ಟು ನಿಂತ ಮಹಿಳೆಯರಿಗೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಜೊತೆಯಾಗಿ ಕೊಟ್ಟ ಅಮೆರಿಕದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2002ರಲ್ಲಿ ಹೊರಬಂತು. ಈ ಔಷಧ ಪಡೆಯದವರಿಗೆ ಹೋಲಿಸಿದರೆ ವರ್ಷಕ್ಕೆ 10,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್‌ನ 8 ಪ್ರಕರಣಗಳು ಹೆಚ್ಚಾಗಿದ್ದವು, ದೊಡ್ಡಕರುಳು-ಗುದನಾಳದ ಕ್ಯಾನ್ಸರ್‌ನ 6 ಪ್ರಕರಣಗಳು ಕಡಿಮೆಯಾಗಿದ್ದವು. ಒಂದೇ ಔಷಧ ಎರಡು ಅಂಗಗಳಲ್ಲಿ ಎದುರುಬದುರು ಪರಿಣಾಮ ತೋರಿದ್ದರಿಂದ, ಇವೆರಡನ್ನೂ ಒಂದೇ ಬೇರಿನ ರೋಗಗಳೆಂದು ಎಣಿಸುವುದು ಸರಿಯಲ್ಲ. ಬೊಜ್ಜು, ಮದ್ಯಪಾನ, ದೈಹಿಕ ಚಟುವಟಿಕೆಯ ಕೊರತೆ ಇವು ಎರಡಕ್ಕೂ ಸಾಮಾನ್ಯವಾದ ಮುಖ್ಯ ಕಾರಣಗಳು.

ಈ ಕ್ಯಾನ್ಸರ್‌ಗಳಿಗೆ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂಬುದೂ ಮುಖ್ಯ. ಉದಾಹರಣೆಗೆ, ವಾರಾಣಸಿ ಸಮೀಪದ ಸಾರನಾಥದ ಸುತ್ತಲಿನ ಮಹಿಳೆಯರಿಗೆ ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಆಸ್ಪತ್ರೆಗಳು ಆ ನಗರದಲ್ಲಿವೆ. ಲಹರ್‌ತಾರಾದ ಹಳೆಯ ರೈಲ್ವೆ ಕ್ಯಾನ್ಸರ್ ಆಸ್ಪತ್ರೆ 2018ರಲ್ಲಿ ಟಾಟಾ ಸ್ಮಾರಕ ಕೇಂದ್ರದ ಆಡಳಿತದಲ್ಲಿ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಮದನ ಮೋಹನ ಮಾಳವೀಯರ ಹೆಸರಿನ ಕ್ಯಾನ್ಸರ್ ಕೇಂದ್ರ 2019ರಲ್ಲಿ ಉದ್ಘಾಟನೆಗೊಂಡಿತು. ಕನ್ನಡಿಗರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇಂಥದೇ ಆಸರೆ.

ದೇಶದ ಸರ್ಕಾರಿ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳನ್ನು ಮಾತ್ರ ಒಳಗೊಂಡಿದೆ, ದೊಡ್ಡಕರುಳು ಅದರಲ್ಲಿಲ್ಲ. ಹೀಗಾಗಿ ಮಲದಲ್ಲಿ ಕಾಣುವ ರಕ್ತವನ್ನು ಮೂಲವ್ಯಾಧಿಯೆಂದೇ ತಿಳಿದು ತಿಂಗಳುಗಟ್ಟಲೆ ಸುಮ್ಮನಿರುವುದು ಅಪಾಯಕಾರಿ. ವೈದ್ಯರು ಕುಟುಂಬದ ವಿವರ ಕೇಳಿದಾಗ ತಾಯಿಯ ಕಡೆಯವರನ್ನಷ್ಟೇ ಹೇಳುವ ರೂಢಿಯೂ ಇದೆ. ಆದರೆ ಮೇಲೆ ಹೇಳಿದ ದೋಷವುಳ್ಳ ವಂಶವಾಹಿಗಳು ತಂದೆಯಿಂದಲೂ ಅಷ್ಟೇ ಸುಲಭವಾಗಿ ಮಗಳಿಗೆ ಬರುತ್ತವೆ. ಸೋದರತ್ತೆ ಮತ್ತು ತಂದೆಯ ತಾಯಿಯ ಕಾಯಿಲೆಗಳೂ ಅವರ ವಯಸ್ಸಿನ ಸಮೇತ ದಾಖಲಾಗಬೇಕು.