ಭರಣಿಯಿಂದ ಮೃಗಶಿರೆಯವರೆಗೆ: ಬೇಸಿಗೆಯ ಕೊನೆಯನ್ನು ಗಮನಿಸಿದ ಮನೆಗಳ ಚರಿತ್ರೆ

ಕರ್ನಾಟಕದ ಹಳ್ಳಿಗಳಲ್ಲಿ ಏಪ್ರಿಲ್ ತಿಂಗಳ ಕೊನೆಯಿಂದ ಜೂನ್ ತಿಂಗಳ ಮೊದಲ ವಾರದವರೆಗಿನ ದಿನಗಳು ವರ್ಷದ ಬೇರಾವ ಕಾಲಕ್ಕಿಂತಲೂ ಹೆಚ್ಚು ಗಮನಕ್ಕೆ ಒಳಗಾದ ದಿನಗಳು. ಕೆರೆ ತಳ ಕಂಡು, ಬಣವೆ ಕರಗಿ, ಕಣಜದಲ್ಲಿ ಬಿತ್ತನೆಯ ಬೀಜವಷ್ಟೇ ಉಳಿದಿರುವ ಮನೆಗೆ ಮಳೆ ಯಾವ ವಾರ ಬಂದೀತು, ಬಂದ ಮಳೆ ನಿಂತೀತೆ ಎಂಬ ಪ್ರಶ್ನೆಗಳು ಬದುಕಿನ ಪ್ರಶ್ನೆಗಳೇ ಆಗಿದ್ದವು. ಹೀಗಾಗಿ ಅಂಗಳ, ಹಿತ್ತಿಲು, ಕೊಟ್ಟಿಗೆ ಮತ್ತು ಬೇಲಿಯ ಸುತ್ತ ನಡೆಯುವ ಸಣ್ಣಪುಟ್ಟ ಸಂಗತಿಗಳನ್ನೂ, ಇರುವೆಯ ಸಾಲನ್ನು, ಕಾಗೆಯ ಗೂಡನ್ನು, ಸಂಜೆಯ ಗಾಳಿ ಬೀಸುವ ದಿಕ್ಕನ್ನು ಮನೆಮಂದಿ ನೆನಪಿಟ್ಟು ಹಿಂದಿನ ವರ್ಷದೊಡನೆ ಹೋಲಿಸಿ ನೋಡುವ ರೂಢಿ ಬೆಳೆಯಿತು. ಈ ರೂಢಿಗೆ ಎರಡು ಮೂಲಗಳಿವೆ: ಒಂದು, ಸಂಸ್ಕೃತ ಮತ್ತು ಕನ್ನಡದ ಶಾಸ್ತ್ರಗ್ರಂಥಗಳಿಂದ ಪಂಚಾಂಗದ ಮೂಲಕ ಹಳ್ಳಿಗೆ ಇಳಿದು ಬಂದ ಲೆಕ್ಕಾಚಾರ; ಇನ್ನೊಂದು, ಬೇಸಾಯಗಾರರ ಸ್ವಂತ ಕಣ್ಣು. ಇವೆರಡನ್ನೂ ಸೇರಿಸಿ ಪ್ರಾಚೀನ ಜ್ಞಾನವೆಂದು ಒಟ್ಟಾಗಿ ಹೊಗಳುವುದು ಸಾಮಾನ್ಯವಾದರೂ, ಚರಿತ್ರೆಯನ್ನು ಬಿಡಿಸಿ ನೋಡಿದಾಗ ಗ್ರಂಥದ ಲೆಕ್ಕವನ್ನು ಕಾಲಕಾಲಕ್ಕೆ ತಿದ್ದಿ ಬಳಕೆಗೆ ಯೋಗ್ಯವಾಗಿ ಉಳಿಸಿದ್ದು ಆ ಕಣ್ಣೇ ಎಂಬುದು ಕಾಣುತ್ತದೆ.

ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುವ ಕ್ರಮ ಈ ಇಡೀ ರೂಢಿಯ ಚೌಕಟ್ಟು. ಆಕಾಶದಲ್ಲಿ ಸೂರ್ಯ ಸಾಗುವ ದಾರಿಯನ್ನು 27 ನಕ್ಷತ್ರಗಳಾಗಿ ವಿಂಗಡಿಸಿದ್ದು, ಒಂದೊಂದು ನಕ್ಷತ್ರದ ಭಾಗವನ್ನು ದಾಟಲು ಸೂರ್ಯನಿಗೆ ಹದಿಮೂರು ಹದಿನಾಲ್ಕು ದಿನಗಳು ಬೇಕಾಗುತ್ತವೆ. ಆ ಅವಧಿಯಲ್ಲಿ ಬೀಳುವ ಮಳೆ ಆ ನಕ್ಷತ್ರದ ಮಳೆ. ಈಗಿನ ಪಂಚಾಂಗಗಳ ಪ್ರಕಾರ ಅಶ್ವಿನಿ ಏಪ್ರಿಲ್ 14ರ ಆಸುಪಾಸಿನಲ್ಲಿ ಹುಟ್ಟುತ್ತದೆ, ಭರಣಿ ಆ ತಿಂಗಳ 27ರ ಹೊತ್ತಿಗೆ, ಕೃತ್ತಿಕೆ ಮೇ 11ಕ್ಕೆ, ರೋಹಿಣಿ ಮೇ 25ಕ್ಕೆ, ಮೃಗಶಿರೆ ಜೂನ್ 8ಕ್ಕೆ, ಆರ್ದ್ರೆ ಜೂನ್ 22ಕ್ಕೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ಆದರೆ ಆರಿದ್ರೆ ಇಲ್ಲದಿದ್ದರೆ ದರಿದ್ರ ಎಂಬ ಗಾದೆಗಳಲ್ಲಿ ಪ್ರಾಸದ ಪಾಲೂ ಇದೆ, ಹೊಲದ ಪಾಲೂ ಇದೆ. ನೆನಪಿನಲ್ಲಿ ಉಳಿಯಲು ಪ್ರಾಸ ಬೇಕಾಗಿತ್ತು; ಆದರೆ ಹೊಲದಲ್ಲಿ ಕಂಡದ್ದಕ್ಕೆ ತೀರ ವಿರುದ್ಧವಾದ ಗಾದೆಯನ್ನು ಪ್ರಾಸವೊಂದೇ ಬಹುಕಾಲ ಉಳಿಸಲಾರದು.

ಒಂದೇ ನಕ್ಷತ್ರ ಎಲ್ಲ ಸೀಮೆಗಳಲ್ಲಿ ಒಂದೇ ಫಲವನ್ನು ಸೂಚಿಸುತ್ತಿರಲಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೂ, 500 ಮಿ.ಮೀ.ಯೂ ದಕ್ಕದ ಚಳ್ಳಕೆರೆಗೂ ನಡುವಿನ ದೂರ ಸುಮಾರು 200 ಕಿ.ಮೀ. ಮಾತ್ರ. ಘಟ್ಟದ ಮೇಲಿನವರಿಗೆ ಭರಣಿ ಮತ್ತು ಕೃತ್ತಿಕೆಗಳು ಮುಂದಿನ ದೊಡ್ಡ ಮಳೆಗೆ ಮುನ್ಸೂಚನೆಗಳಷ್ಟೆ. ದಕ್ಷಿಣದ ಬಯಲುಸೀಮೆಯವರಿಗೆ ಅವೇ ಕೆಲಸದ ಮಳೆಗಳು. ಮಧ್ಯಾಹ್ನದ ಕಾವಿಗೆ ಎದ್ದ ಮೋಡ ಸಂಜೆ ಗುಡುಗು ಮಿಂಚಿನೊಡನೆ ಸುರಿಯುವ ಈ ಮುಂಗಾರು ಪೂರ್ವದ ಮಳೆಯನ್ನು ನಂಬಿಯೇ ಅಲ್ಲಿ ಎಳ್ಳು, ಹೆಸರು, ಅಲಸಂದೆಗಳನ್ನು ಬಿತ್ತಲಾಗುತ್ತದೆ. ಬೆಂಗಳೂರಿನಲ್ಲಿ ಮೇ ತಿಂಗಳ ಸರಾಸರಿ ಮಳೆ ಜೂನ್ ತಿಂಗಳಿನದಕ್ಕಿಂತ ಹೆಚ್ಚು ಎಂಬುದನ್ನು ನೆನೆದರೆ ಈ ನಂಬಿಕೆಯ ಆಧಾರ ತಿಳಿಯುತ್ತದೆ. ತುಳುನಾಡಿನಲ್ಲಿ ಬೇಸಿಗೆಯ ಕೊನೆಯನ್ನು ಗುರುತಿಸಲು ಒಂದು ನಿಶ್ಚಿತ ದಿನವೇ ಇದೆ. ಬೇಶ ತಿಂಗಳ, ಎಂದರೆ ವೃಷಭಮಾಸದ ಹತ್ತನೆಯ ದಿನವಾದ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳೂ ದೇವಸ್ಥಾನಗಳ ಉತ್ಸವಗಳೂ ನಿಲ್ಲುತ್ತವೆ, ಆ ದಿನ ಹತ್ತು ಹನಿಯಾದರೂ ಮಳೆ ಬೀಳಬೇಕೆಂಬ ನಿರೀಕ್ಷೆ ಇರುತ್ತದೆ. ಸೂರ್ಯ ರೋಹಿಣಿಯನ್ನು ಪ್ರವೇಶಿಸುವುದೂ ಹೆಚ್ಚುಕಡಿಮೆ ಅದೇ ದಿನ.

ಗ್ರಂಥಗಳ ಕಡೆಯಿಂದ ನೋಡಿದರೆ ಈ ಪರಂಪರೆಯ ಬಹುಪಾಲು 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಸಿಗುತ್ತದೆ. ಮಾರ್ಗಶಿರದ ನಂತರದ ಚಳಿಗಾಲದಲ್ಲಿ ಮೋಡ, ಗಾಳಿ, ಮಿಂಚುಗಳ ರೂಪದಲ್ಲಿ ಮಳೆಯ ಗರ್ಭ ನಿಂತು, 195 ದಿನಗಳ ಬಳಿಕ ಅದು ಮಳೆಯಾಗಿ ಹೆರುತ್ತದೆಂಬ ಗರ್ಭಲಕ್ಷಣದ ಸಿದ್ಧಾಂತ ಅಲ್ಲಿ ವಿಸ್ತಾರವಾಗಿದೆ. ಅದರ ಜೊತೆಗೇ ಸದ್ಯೋವೃಷ್ಟಿ, ಎಂದರೆ ಕೂಡಲೇ ಬರಲಿರುವ ಮಳೆಯ ಲಕ್ಷಣಗಳ ಅಧ್ಯಾಯವೂ ಇದೆ. ಇರುವೆಗಳು ಮೊಟ್ಟೆಗಳನ್ನು ಹೊತ್ತು ಸಾಗುವುದು, ಹಾವುಗಳು ಮರ ಹತ್ತುವುದು, ಬೆಕ್ಕು ಉಗುರಿನಿಂದ ನೆಲ ಕೆರೆಯುವುದು, ಉಪ್ಪು ನೀರೊಡೆಯುವುದು, ಕಪ್ಪೆಗಳು ಬಿಡದೆ ವಟಗುಟ್ಟುವುದು, ಮಕ್ಕಳು ಬೀದಿಯಲ್ಲಿ ಮಣ್ಣಿನ ಕಟ್ಟೆ ಕಟ್ಟಿ ಆಡುವುದು ಇವೆಲ್ಲ ಅಲ್ಲಿ ದಾಖಲಾಗಿವೆ. ವೈಶಾಖದಲ್ಲಿ ಕಾಗೆ ಮರದ ಯಾವ ದಿಕ್ಕಿನ ಕೊಂಬೆಯಲ್ಲಿ, ಎಷ್ಟು ಎತ್ತರದಲ್ಲಿ ಗೂಡು ಕಟ್ಟಿತು ಎಂಬುದರಿಂದ ಮಳೆಗಾಲವನ್ನು ಊಹಿಸುವ ಕ್ರಮವನ್ನೂ ಅದೇ ಗ್ರಂಥ ಹೇಳುತ್ತದೆ. ಈ ಪಟ್ಟಿಯನ್ನು ಓದುವವರಿಗೆ ಅರಮನೆಯ ಜ್ಯೋತಿಷಿಗಿಂತ ಹಳ್ಳಿಮನೆಯ ಜಗಲಿಯಲ್ಲಿ ಕುಳಿತು ನೋಡಿದವರು ನೆನಪಾದರೆ ಅದು ಸಹಜ.

ಕನ್ನಡದಲ್ಲಿ ಈ ವಿದ್ಯೆ ಬೇಗನೆ ನೆಲೆಗೊಂಡಿತು. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಆಸ್ಥಾನದಲ್ಲಿದ್ದ ಇಮ್ಮಡಿ ಚಾವುಂಡರಾಯ 1025ರಲ್ಲಿ ರಚಿಸಿದ ಲೋಕೋಪಕಾರ ಗೃಹಸ್ಥರಿಗೆ ಬೇಕಾದ ಸಕಲ ವಿಷಯಗಳ ಕೋಶ. ಪಂಚಾಂಗ, ಮಳೆಯ ಲಕ್ಷಣ, ನೆಲದಡಿಯ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಅಡುಗೆ ಎಲ್ಲವೂ ಅದರಲ್ಲಿ ಅಕ್ಕಪಕ್ಕದಲ್ಲಿವೆ. ಸುಮಾರು 1300ರ ಹೊತ್ತಿಗೆ ರಟ್ಟಕವಿ ಬರೆದ ರಟ್ಟಮತ ಮಳೆ, ಮಿಂಚು, ಭೂಕಂಪ ಮತ್ತು ಶಕುನಗಳಿಗೇ ಮೀಸಲಾದ ಕೃತಿ. ಅದು ಮುಂದೆ ತೆಲುಗಿಗೂ ಹೋಯಿತು. ಮಳೆಯ ಲಕ್ಷಣವನ್ನು ಅಡುಗೆಯ ಪಕ್ಕದಲ್ಲಿಟ್ಟ ಚಾವುಂಡರಾಯನ ಯೋಜನೆ ಬಹಳ ಅರ್ಥಪೂರ್ಣವಾದದ್ದು, ಏಕೆಂದರೆ ಹವೆಯನ್ನು ಗಮನಿಸುವುದು ಮನೆವಾರ್ತೆಯ ಭಾಗವೆಂದು ಅದು ಒಪ್ಪಿಕೊಳ್ಳುತ್ತದೆ.

ಈ ಗ್ರಂಥಗಳ ಮಾತನ್ನು ಇಂದಿನ ಹೊಲಕ್ಕೆ ನೇರವಾಗಿ ಅನ್ವಯಿಸಲು ಬಾರದಿರುವುದಕ್ಕೆ ಖಗೋಳದ ಒಂದು ಕಾರಣವಿದೆ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಮತ್ತೆ ಅದೇ ನಕ್ಷತ್ರಕ್ಕೆ ಬರಲು ಹಿಡಿಯುವ ಕಾಲ, ಋತುಗಳು ಒಂದು ಸುತ್ತು ಮುಗಿಸುವ ಕಾಲಕ್ಕಿಂತ ಸುಮಾರು 20 ನಿಮಿಷ ಹೆಚ್ಚು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಉಂಟಾಗುವ ಈ ವ್ಯತ್ಯಾಸಕ್ಕೆ ಅಯನಚಲನೆ ಎಂದು ಹೆಸರು. ಇದರ ಫಲವಾಗಿ ಸುಮಾರು 72 ವರ್ಷಗಳಿಗೊಮ್ಮೆ ನಕ್ಷತ್ರದ ಲೆಕ್ಕ ಋತುವಿಗಿಂತ ಒಂದು ದಿನ ಹಿಂದೆ ಬೀಳುತ್ತದೆ. ಲೋಕೋಪಕಾರ ರಚನೆಯಾಗಿ ಸಾವಿರ ವರ್ಷಗಳಾಗಿರುವುದರಿಂದ ಅಂತರ ಈಗ ಹದಿನಾಲ್ಕು ದಿನಗಳಷ್ಟಾಗಿದೆ, ಎಂದರೆ ಸರಿಯಾಗಿ ಒಂದು ಮಳೆನಕ್ಷತ್ರದಷ್ಟು. ಇಂದು ಮೃಗಶಿರೆಯ ಲೆಕ್ಕಕ್ಕೆ ಸೇರುವ ದಿನಗಳು ಚಾವುಂಡರಾಯನ ಕಾಲದಲ್ಲಿ ಆರ್ದ್ರೆಯ ದಿನಗಳಾಗಿದ್ದವು. ಈಗ ಸಾಲಾಗಿ ಹೇಳುವ ಮಳೆಗಾದೆಗಳು ಇಂದಿನ ಬಿತ್ತನೆಗೆ ಹೊಂದುತ್ತಿದ್ದರೆ ಅವು ಸಾವಿರ ವರ್ಷ ಹಳೆಯವಾಗಿರಲಾರವು. ಇಲ್ಲವೇ ನಡುವೆ ಎಲ್ಲೋ ಜನ ಅವನ್ನು ತಿದ್ದಿಕೊಂಡಿರಬೇಕು. ಎರಡರಲ್ಲಿ ಯಾವುದು ನಿಜವಾದರೂ ಹೊಲವನ್ನು ನೋಡಿ ಮಾತು ಕಟ್ಟಿದವರ ಶ್ರದ್ಧೆ ಅದರಲ್ಲಿ ಎದ್ದು ಕಾಣುತ್ತದೆ. ವರಾಹಮಿಹಿರನಿಗೂ ಈ ಸಂಗತಿ ಗೊತ್ತಿತ್ತು. ಹಿಂದಿನ ಶಾಸ್ತ್ರಗಳ ಕಾಲದಲ್ಲಿ ಆಶ್ಲೇಷೆಯ ನಡುವಿನಿಂದ ಆರಂಭವಾಗುತ್ತಿದ್ದ ದಕ್ಷಿಣಾಯನ ತನ್ನ ಕಾಲದಲ್ಲಿ ಕರ್ಕಾಟಕದ ಆದಿಯಿಂದ ಆರಂಭವಾಗುತ್ತಿದೆ ಎಂದು ಆತ ಬರೆದು, ಹೇಳಿದ್ದಕ್ಕೂ ಕಂಡದ್ದಕ್ಕೂ ಹೊಂದದಿದ್ದಾಗ ಪ್ರತ್ಯಕ್ಷ ಪರೀಕ್ಷೆಯಿಂದಲೇ ನಿರ್ಣಯವೆಂದು ಸೂಚಿಸಿದ್ದಾನೆ. ಆತನ ಶಕುನಗಳನ್ನು ಉರು ಹೊಡೆದವರಲ್ಲಿ ಎಷ್ಟೋ ಮಂದಿ ಈ ಮಾತನ್ನು ಮರೆತರು ಎಂಬುದು ವಿಷಾದದ ಸಂಗತಿ.

ಪ್ರತ್ಯಕ್ಷ ಪರೀಕ್ಷೆಗೆ ಮನೆಯ ಅಂಗಳವೇ ಸಾಕಾಗಿತ್ತು ಎಂಬುದಕ್ಕೆ ಮಳೆಹುಳುವಿಗಿಂತ ಒಳ್ಳೆಯ ನಿದರ್ಶನ ಸಿಗದು. ಕೆಲವು ಕಡೆ ಈಸಲು ಎಂದೂ ಕರೆಯಲಾಗುವ ಇದು ರೆಕ್ಕೆ ಮೂಡಿದ ಗೆದ್ದಲು. ಮೊದಲ ಒಳ್ಳೆಯ ಮಳೆ ಬಿದ್ದು ನೆಲ ಮೆತ್ತಗಾಗಿ, ಗಾಳಿ ಅಡಗಿದ ಸಂಜೆ, ಹುತ್ತದ ಮೈಯಲ್ಲಿ ಸಣ್ಣ ಸೀಳುಗಳು ತೆರೆದುಕೊಳ್ಳುತ್ತವೆ. ಅವುಗಳಿಂದ ಮೊದಲು ದುಡಿಯುವ ಗೆದ್ದಲುಗಳೂ ದೊಡ್ಡ ತಲೆಯ ಕಾವಲು ಗೆದ್ದಲುಗಳೂ ಹೊರಬಂದು ಅಂಚಿನಲ್ಲಿ ನಿಲ್ಲುತ್ತವೆ, ಬಳಿಕ ಒಂದೇ ಅಳತೆಯ ನಾಲ್ಕು ರೆಕ್ಕೆಗಳುಳ್ಳ ಕಂದು ಹುಳುಗಳು ಒಂದರ ಹಿಂದೊಂದು ನುಗ್ಗಿ ಮೇಲೇಳುತ್ತವೆ. ದೀಪದ ಸುತ್ತ ಬಿದ್ದವು ಸ್ವಲ್ಪ ಹೊತ್ತಿನಲ್ಲೇ ರೆಕ್ಕೆಯನ್ನು ಬುಡದಲ್ಲಿರುವ ಗೆರೆಯ ಗುಂಟ ಕಳಚಿ, ಹೆಣ್ಣಿನ ಬೆನ್ನಿಗೆ ಗಂಡು ಹತ್ತಿಕೊಂಡು ನೆಲದ ಮೇಲೆ ಸಾಲು ಹಿಡಿದು ಹರಿಯುತ್ತವೆ. ಬದುಕಿದ ಜೋಡಿ ಮೆತ್ತನೆಯ ಮಣ್ಣನ್ನು ಕೊರೆದು ಹೊಸ ಹುತ್ತಕ್ಕೆ ಮೊದಲಿಡುತ್ತದೆ. ಬೇರೆ ಬೇರೆ ಹುತ್ತಗಳ ಹುಳುಗಳು ಒಂದೇ ಸಂಜೆ ಹೊರಬಿದ್ದರೆ ಮಾತ್ರ ಅವುಗಳ ಕೂಡಿಕೆ ಸಾಧ್ಯವಾದ್ದರಿಂದ, ಮಣ್ಣಿನ ತೇವ ಮತ್ತು ಗಾಳಿಯ ಆರ್ದ್ರತೆಯೇ ಅವಕ್ಕೆಲ್ಲ ಸಮಾನ ಸಂಕೇತವಾಗಿದೆ. ಹಗಲು ಉಳಿದಿದ್ದರೆ ಕಾಜಾಣ, ಮೈನಾ, ಕಾಗೆ, ಹದ್ದುಗಳೂ, ಕತ್ತಲಾದ ಮೇಲೆ ಹಲ್ಲಿ ಮತ್ತು ಕಪ್ಪೆಗಳೂ ಈ ಔತಣಕ್ಕೆ ಸೇರುತ್ತವೆ. ಹಲವು ಊರುಗಳಲ್ಲಿ ಮನುಷ್ಯರೂ ಅವನ್ನು ಹಿಡಿದು ಹುರಿದು ತಿನ್ನುತ್ತಿದ್ದರು. ಮಳೆಹುಳು ಮಳೆಯನ್ನು ತರುವುದಿಲ್ಲ, ಆದರೆ ನೆಲ ಬೀಜ ಹಿಡಿಯುವಷ್ಟು ನೆಂದಿದೆ ಎಂಬುದನ್ನು ತಿಳಿಸುತ್ತದೆ. ಬಿತ್ತುವವರಿಗೆ ಬೇಕಾದದ್ದೂ ಅದೇ.

ಇಂಥ ಇತರ ಸೂಚನೆಗಳಲ್ಲೂ ಕಾರಣಕಾರ್ಯದ ಎಳೆ ಹಿಡಿಯಬಹುದಾದವು ಹಲವಿವೆ. ಮಲೆನಾಡಿನಲ್ಲಿ ಮೊದಲ ದೊಡ್ಡ ಮಳೆಗೆ ಹಳ್ಳದ ಮೀನು ಮೊಟ್ಟೆಯಿಡಲು ಎದುರು ನೀರಿನಲ್ಲಿ ಗದ್ದೆಗಳತ್ತ ಏರುತ್ತದೆ, ಇದೇ ಹತ್ತುಮೀನು. ಗಂಡು ಗೀಜಗಗಳು ಹಸಿ ಹುಲ್ಲಿನ ಸೀಳು ಸಿಗತೊಡಗಿದಂತೆ ನೇಯಲಾರಂಭಿಸಿ, ಬಹಳ ಸಲ ಮರದ ಪೂರ್ವದ ಮಗ್ಗುಲನ್ನೇ ಆರಿಸಿಕೊಳ್ಳುತ್ತವೆ. ನೈರುತ್ಯದ ಗಾಳಿಮಳೆಗೆ ಅದು ಮರೆ. ಕೋಗಿಲೆಯ ಕೂಗು ಈ ವಾರಗಳಲ್ಲಿ ಹೆಚ್ಚುವುದು ಕಾಗೆ ಗೂಡು ಕಟ್ಟುವ ಕಾಲ ಅದಾದ್ದರಿಂದ. ಆದರೆ ಗೂಡಿನ ಎತ್ತರ ನೋಡಿ ಇಡೀ ಮಳೆಗಾಲವನ್ನು ಅಳೆಯುವ ಕ್ರಮಕ್ಕೆ ಅಷ್ಟೇ ಗಟ್ಟಿಯಾದ ಆಧಾರವಿಲ್ಲ. ಹಕ್ಕಿ ಇಂದಿನ ಗಾಳಿಗೂ ಇಂದಿನ ಆಹಾರಕ್ಕೂ ಸ್ಪಂದಿಸುತ್ತದೆಯೇ ಹೊರತು ಮುಂದಿನ ಮೂರು ತಿಂಗಳನ್ನು ತಿಳಿದಿರುವುದಿಲ್ಲ.

ಗಮನಿಸಿದ್ದು ಕೆಲಸಕ್ಕೆ ಇಳಿಯುತ್ತಿದ್ದ ಬಗೆಯನ್ನು ಅಡಿಕೆ ಸೀಮೆಯ ಮನೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಸೌದೆ ಒಟ್ಟುವುದು, ಉದುರಿದ ಎಲೆಯಾದ ದರಕನ್ನು ಗುಡಿಸಿ ಕೊಟ್ಟಿಗೆಗೆ ಕೂಡಿಡುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಗಾಳಿಮಳೆ ಬಡಿಯುವ ಗೋಡೆಗೆ ತಟ್ಟಿ ಕಟ್ಟುವುದು ಎಲ್ಲವೂ ರೋಹಿಣಿಯೊಳಗೆ ಮುಗಿಯಬೇಕು. ಎಲ್ಲಕ್ಕಿಂತ ಇಕ್ಕಟ್ಟಿನ ಕೆಲಸ ಕೊಳೆರೋಗದ್ದು. ಎಡೆಬಿಡದ ಮಳೆಯಲ್ಲಿ ಎಳೆಯ ಅಡಿಕೆಗೊನೆಯನ್ನು ಕೊಳೆಸುವ ಈ ರೋಗಕ್ಕೆ ಹಿಂದಿನವರು ಗೊನೆಗೆ ಕೊಟ್ಟೆ, ಎಂದರೆ ಮಳೆನೀರು ತಾಗದಂತೆ ಹೊದಿಕೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಸಸ್ಯರೋಗತಜ್ಞ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಔಷಧಿ ಬಂದರೂ ಆಕಾಶ ನೋಡುವ ಅಗತ್ಯ ತಪ್ಪಲಿಲ್ಲ, ಬದಲಿಗೆ ಹೆಚ್ಚಿತು. ಮಳೆ ಹಿಡಿಯುವ ಮುನ್ನ, ಗೊನೆ ಒಣಗಿದ್ದು ದ್ರಾವಣ ಅಂಟಿ ಆರಲು ಬಿಡುವಿರುವ ದಿನವನ್ನೇ ಅದಕ್ಕೆ ಹುಡುಕಬೇಕಾಯಿತು.

ಅಳತೆಯ ಮೂಲಕ ಮಳೆಯನ್ನು ತಿಳಿಯುವ ಆಧುನಿಕ ಕ್ರಮ ದೇಶದಲ್ಲಿ ಬಲಗೊಂಡದ್ದು ದುರಂತದ ವರ್ಷಗಳಲ್ಲಿ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಮರುವರ್ಷವೇ ಮಳೆ ಕೈಕೊಟ್ಟು, ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ಜನ ನೆನೆಯುವ 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮದ ಪ್ರಮಾಣವನ್ನು ಆಧರಿಸಿ ಮುಂಗಾರನ್ನು ಮುನ್ನುಡಿಯುವ ಪ್ರಯತ್ನವನ್ನು 1880ರ ದಶಕದಲ್ಲಿ ಆರಂಭಿಸಿದ್ದು ಈ ಕ್ಷಾಮದ ಹಿನ್ನೆಲೆಯಲ್ಲೇ. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮಳೆಮಾಪಕ ಬಂದು ನಿಂತಾಗ ಹಳ್ಳಿಯವರ ಗಮನಕ್ಕೆ ಲೆಕ್ಕದ ಜೊತೆ ದೊರೆಯಿತು. ಆದರೆ ಮಾಪಕ ಬಿದ್ದ ನೀರನ್ನಷ್ಟೇ ಅಳೆಯಿತು. ಮಳೆಹುಳು ಎದ್ದ ದಿನ, ಕಕ್ಕೆ ಹೂಬಿಟ್ಟ ದಿನ, ಕಪ್ಪೆ ಕೂಗಿದ ದಿನಗಳನ್ನು ಬರೆದಿಡಲು ಯಾವ ರಿಜಿಸ್ಟರಿನಲ್ಲೂ ಅಂಕಣವಿರಲಿಲ್ಲ.

ಇಂದು ಪರಿಸ್ಥಿತಿ ಬೇರೆ. 1988ರಲ್ಲಿ ಬರ ನಿಗಾ ಕೋಶವಾಗಿ ಆರಂಭವಾದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ತಾವಾಗಿಯೇ ಅಳೆದು ವರದಿ ಕಳಿಸುವ ಮಳೆಮಾಪಕಗಳನ್ನು ಹಾಕಿದೆ, ಮರಗಳು ಚಿಗುರುವ ಹೂಬಿಡುವ ದಿನಗಳನ್ನು ಸಾರ್ವಜನಿಕರಿಂದ ಸಂಗ್ರಹಿಸುವ ಸೀಸನ್‌ವಾಚ್‌ನಂಥ ಯೋಜನೆಗಳೂ ನಡೆಯುತ್ತಿವೆ. ಇವುಗಳಿಗೆ ಕೊರತೆಯಾಗಿರುವುದು ಹಿಂದಿನ ಕಾಲದ ದಾಖಲೆ. ಎಷ್ಟೋ ಮನೆಗಳಲ್ಲಿ ಹಿರಿಯರು ಪಂಚಾಂಗದ ಅಂಚಿನಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ, ತೋಟದ ಲೆಕ್ಕದ ಪುಸ್ತಕದಲ್ಲಿ ಭರಣಿ ಹುಯ್ದ ದಿನವನ್ನೂ ಔಷಧಿ ಹೊಡೆದ ದಿನವನ್ನೂ ಗುರುತು ಹಾಕಿಟ್ಟಿರುತ್ತಾರೆ. ಋತುಗಳ ಬದಲಾವಣೆಯನ್ನು ಅರಿಯಲು ಅಂಥ ಒಂದೊಂದು ಸಾಲೂ ಬೆಲೆಯುಳ್ಳ ಸಾಕ್ಷ್ಯ. ಮನೆ ರಿಪೇರಿಯಾಗುವಾಗ, ಅಟ್ಟ ಗುಡಿಸುವಾಗ ಈ ಹಳೆಯ ಪುಸ್ತಕಗಳನ್ನು ಯಾರೂ ರದ್ದಿಗೆ ಹಾಕಬಾರದು. ತಾರೀಖು ಮತ್ತು ಊರಿನ ಹೆಸರಿನೊಡನೆ ಅವುಗಳ ನಕಲು ತೆಗೆದಿಡುವ ಕೆಲಸವನ್ನು ಊರೂರಿನ ಗ್ರಂಥಾಲಯಗಳೂ ಕೃಷಿ ಕಾಲೇಜುಗಳೂ ಈಗಲೇ ಕೈಗೆತ್ತಿಕೊಳ್ಳಬೇಕು.